ಬಾಣಂತಿ ಸನ್ನಿ: ರೋಗನಿದಾನದ ಕೆಲವು ಸಂಗತಿಗಳು

‘ಸನ್ನಿ’ ಎಂಬುದು ‘ಸನ್ನಿಪಾತ’ದ ತದ್ಭವ. ವಾತ, ಪಿತ್ತ, ಕಫಗಳು ಮೂರೂ ಏಕಕಾಲಕ್ಕೆ ಕೆರಳಿದ ಸ್ಥಿತಿಗೆ ಆಯುರ್ವೇದವು ಇತ್ತ ಹೆಸರದು. ಹೆರಿಗೆಯಾದ ಕೆಲದಿನಗಳಲ್ಲಿ ಹೆಂಗಸು ತಟ್ಟನೆ ದಿಕ್ಕುಗೆಟ್ಟು ಮಾತನಾಡತೊಡಗಿದರೆ ನಮ್ಮ ಹಿರಿಯರು ಅದನ್ನು ಬಾಣಂತಿ ಸನ್ನಿಯೆಂದು ಕರೆದರು. ಹೆಸರು ಒಂದೇ ಆದರೂ ಅದರ ಹಿಂದಿರುವ ರೋಗಗಳು ಹಲವು.

ಮೊದಲನೆಯದು ನಂಜು. ಗರ್ಭಕೋಶಕ್ಕೆ ಸೋಂಕು ತಗುಲಿದಾಗ ಜ್ವರ, ದುರ್ಗಂಧದ ಸ್ರಾವ, ನಾಡಿಯ ವೇಗಗಳೊಡನೆ ಬುದ್ಧಿಯೂ ಮಂಕಾಗುವುದುಂಟು. ಎರಡನೆಯದು ರಕ್ತದೊತ್ತಡವೇರಿ ಬರುವ ಸೆಳವು. ಹೆರಿಗೆಯ ತರುವಾಯದ 48 ಗಂಟೆಗಳಲ್ಲಿ ಇದರ ಭಯ ಹೆಚ್ಚು. ಅನಂತರವೂ ಕೆಲವು ವಾರ ಪೂರ್ತಿ ನೀಗದು. ತೀವ್ರ ತಲೆನೋವು, ಕಣ್ಣು ಮಂಜಾಗುವುದು ಇದರ ಮುನ್ಸೂಚನೆಗಳು. ಮೆಗ್ನೀಸಿಯಂ ಸಲ್ಫೇಟ್ ಇದಕ್ಕೆ ಮುಖ್ಯ ಔಷಧ. ಮೂರನೆಯದು ಮೆದುಳಿನ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟುವುದು. ಬಾಣಂತಿಯ ರಕ್ತಕ್ಕೆ ಹೆಪ್ಪುಗಟ್ಟುವ ಗುಣ ಸಹಜವಾಗಿಯೇ ಹೆಚ್ಚು. ಅವಳಿಗೆ ನೀರು ಕೊಡಬಾರದೆಂಬ ಹಳೆಯ ಪಥ್ಯವು ಈ ಅಪಾಯಕ್ಕೆ ಇನ್ನಷ್ಟು ಇಂಬುಕೊಡುತ್ತದೆ.

ಇವಾವುವೂ ಅಲ್ಲವೆಂದು ಖಚಿತವಾದ ಬಳಿಕವೇ ಕೇವಲ ಮನೋರೋಗವೆಂದು ನಿರ್ಣಯಿಸತಕ್ಕದ್ದು. 1858ರಲ್ಲಿ ಫ್ರಾನ್ಸಿನ ವೈದ್ಯ ಲೂಯಿ ವಿಕ್ಟರ್ ಮಾರ್ಸೆ ಈ ವಿಷಯವಾಗಿ ಒಂದು ಗ್ರಂಥವನ್ನೇ ರಚಿಸಿದನು. ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ, ಬಹುಮಟ್ಟಿಗೆ ಮೊದಲ ಎರಡು ವಾರಗಳೊಳಗೆ, ಇದು ತಲೆದೋರುತ್ತದೆ. ಮಗು ಮಲಗಿದ್ದರೂ ತಾಯಿಗೆ ನಿದ್ರೆ ಬಾರದಿರುವುದು ಇದರ ಮೊದಲ ಗುರುತುಗಳಲ್ಲೊಂದು. ಅನಂತರ ಸಂಶಯ, ಭ್ರಮೆ, ಗಳಿಗೆಗೊಂದು ಬಗೆಯ ಮನಸ್ಸು. ತನಗೂ ಮಗುವಿಗೂ ಅವಳು ಕೇಡು ಮಾಡಿಕೊಳ್ಳುವ ಸಂಭವವಿರುವುದರಿಂದ ಇದನ್ನು ತುರ್ತು ರೋಗವೆಂದೇ ಎಣಿಸಬೇಕು. ಚಿಕಿತ್ಸೆ ದೊರೆತರೆ ಬಹುಮಂದಿ ಗುಣಹೊಂದುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2009ರಲ್ಲಿ ತಾಯಿ-ಮಗುವನ್ನು ಅಗಲಿಸದೆ ಚಿಕಿತ್ಸೆ ನೀಡುವ ವಿಭಾಗವನ್ನು ತೆರೆಯಿತು.

ಹೊರನಾಡ ಕನ್ನಡಿಗರಿಗೆ ಇಲ್ಲಿ ಇನ್ನೊಂದು ತೊಡಕುಂಟು. ಧಾರಾವಿಯ ಕುಟುಂಬಗಳಿಗೆ ಹತ್ತಿರದ ದೊಡ್ಡ ಆಸ್ಪತ್ರೆಯೆಂದರೆ ಶೀವದ ಲೋಕಮಾನ್ಯ ತಿಲಕ ಆಸ್ಪತ್ರೆ. ಇಂದು ಯಾವ ದಿನ, ಇದು ಯಾವ ಸ್ಥಳ ಎಂದು ಕೇಳಿ ವೈದ್ಯರು ರೋಗಿಯ ಅರಿವನ್ನು ಅಳೆಯುವುದು ವಾಡಿಕೆ. ಊರಿಂದ ಹೊಸದಾಗಿ ಬಂದ ಬಾಣಂತಿಗೆ ಆ ಪ್ರಶ್ನೆ ಮರಾಠಿಯಲ್ಲೋ ಹಿಂದಿಯಲ್ಲೋ ಬಂದರೆ ಅವಳ ಮೌನವು ಭಾಷೆ ತಿಳಿಯದ ಮೌನವೋ, ಅರಿವು ತಪ್ಪಿದ ಮೌನವೋ ಗೊತ್ತಾಗದು. ಮಾತು ಎಂದಿನಿಂದ ಕೆಟ್ಟಿತು, ಜ್ವರವಿತ್ತೆ, ನಿದ್ರೆಯಿತ್ತೆ, ಮೊದಲೆಂದಾದರೂ ಹೀಗಾಗಿತ್ತೆ ಎಂಬುದನ್ನು ಬಲ್ಲವಳು ಜೊತೆಗಿದ್ದ ತಾಯಿಯೋ ಅತ್ತೆಯೋ. ಅವಳ ಮಾತೂ ಕನ್ನಡವೇ. ಆದುದರಿಂದ ಎರಡು ಭಾಷೆ ಬಲ್ಲ ನೆರೆಯವರೊಬ್ಬರು ಒಡನೆ ಹೋಗುವುದು ಬರಿಯ ಉಪಚಾರವಲ್ಲ. ಅದು ರೋಗನಿದಾನದ ಒಂದು ಅಂಗ.

ದೆವ್ವ ಬಡಿಯಿತೆಂದು ಮಂತ್ರಿಸಲು ಕಳೆಯುವ ಒಂದು ರಾತ್ರಿಯಲ್ಲೇ ನಂಜು ನೆತ್ತಿಗೇರಬಹುದು. ಜ್ವರವನ್ನೂ ರಕ್ತದೊತ್ತಡವನ್ನೂ ಅಂದೇ ಅಳೆಯಿಸಬೇಕು. ಅಲ್ಲಿಯವರೆಗೆ ತಾಯಿಯನ್ನಾಗಲಿ ಮಗುವನ್ನಾಗಲಿ ಒಂಟಿಯಾಗಿ ಬಿಡಲಾಗದು.