ಉಣ್ಣೆಯೂ ಇಲ್ಲೇ, ಬಣ್ಣವೂ ಇಲ್ಲೇ

ಚಿತ್ರದುರ್ಗ ಜಿಲ್ಲೆಯ ರೈತರಿಗೆ ಕುರಿ ಹೊಸದಲ್ಲ. ರಾಮಗಿರಿಯ ಸುತ್ತಿನ ಹಳ್ಳಿಗಳಿಂದ ಹೊಸದುರ್ಗ, ಹಿರಿಯೂರು, ಚಳ್ಳಕೆರೆಯವರೆಗೆ ಸುಗ್ಗಿ ಮುಗಿದ ಹೊಲದಲ್ಲಿ ಕುರಿಮಂದೆ ನಿಲ್ಲಿಸಿ ಗೊಬ್ಬರ ಪಡೆಯುವುದು ಹಿಂದಿನಿಂದ ಬಂದ ರೂಢಿ. ಕುರಿಯ ಮಾಂಸಕ್ಕೆ ಬೆಲೆ ಇದೆ, ಗೊಬ್ಬರಕ್ಕೆ ಬೆಲೆ ಇದೆ. ಬೆಲೆ ಕಳೆದುಕೊಂಡಿರುವುದು ಉಣ್ಣೆಯೊಂದೇ.

2012ರ ಜಾನುವಾರು ಗಣತಿಯಲ್ಲಿ ರಾಜ್ಯದಲ್ಲಿ ಸುಮಾರು 96 ಲಕ್ಷ ಕುರಿಗಳಿದ್ದವು. 2019ರಲ್ಲಿ ಅವು 1 ಕೋಟಿ 11 ಲಕ್ಷಕ್ಕೆ ಏರಿದವು. ಹೀಗೆ ಕುರಿ ಹೆಚ್ಚಿದರೂ ಅನೇಕ ಕಡೆ ಕತ್ತರಿಸುವ ಕೂಲಿಯಷ್ಟೂ ಉಣ್ಣೆಯಿಂದ ಹುಟ್ಟುತ್ತಿಲ್ಲ. ಕತ್ತರಿಸಿದ್ದು ಬೇಲಿಯ ಬದಿಗೆ ಇಲ್ಲವೇ ತಿಪ್ಪೆಗೆ ಹೋಗುತ್ತದೆ. ಗಿರಣಿಯ ಅಗ್ಗದ ಹೊದಿಕೆಗಳು ಬಂದ ಮೇಲೆ ಕಂಬಳಿಯ ಬೇಡಿಕೆ ಕುಗ್ಗಿತು. ಉಣ್ಣೆ ಬೇಡವೆಂದಾದಾಗ ಉಣ್ಣೆಯಿಲ್ಲದ ನೆಲ್ಲೂರು ಮುಂತಾದ ತಳಿಯ ಟಗರುಗಳು ಮಂದೆಗೆ ಬಂದವು. ಇದು ಹೀಗೇ ಮುಂದುವರಿದರೆ ಉಣ್ಣೆಯ ಜೊತೆಗೆ ನಮ್ಮ ತಳಿಯೂ ಕೈಬಿಡುತ್ತದೆ.

ನಮ್ಮ ಉಣ್ಣೆಯ ಗುಣ

ಈ ಭಾಗದ ಉಣ್ಣೆಯ ಕುರಿಗಳು ಮುಖ್ಯವಾಗಿ ದಖ್ಖನಿ ಮತ್ತು ಬಳ್ಳಾರಿ ತಳಿಯವು. ಕಪ್ಪು, ಬಿಳಿ, ಎರಡೂ ಬೆರೆತ ಬೂದು ಬಣ್ಣ ಇವುಗಳಲ್ಲಿ ಕಾಣುತ್ತವೆ. ರಾಯಚೂರು, ಕೊಪ್ಪಳದ ಕೆಂಗುರಿಯನ್ನೂ ಮಂಡ್ಯದ ಬನ್ನೂರು ಕುರಿಯನ್ನೂ ಸಾಕುವುದು ಮಾಂಸಕ್ಕೆ.

ನಮ್ಮ ಉಣ್ಣೆ ಒರಟು ಎಂಬ ಮಾತು ನಿಜ. ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕೆ ಮೈಕ್ರಾನ್ ಎನ್ನುತ್ತಾರೆ. ಮೆರಿನೋ ಕುರಿಯ ಎಳೆಯ ದಪ್ಪ 20 ಮೈಕ್ರಾನ್ ಆಸುಪಾಸಿನಲ್ಲಿದ್ದರೆ, ದಖ್ಖನಿಯದು ಸಾಮಾನ್ಯವಾಗಿ 50 ಮೈಕ್ರಾನ್ ದಾಟುತ್ತದೆ. ಆದುದರಿಂದ ಬರಿಮೈಗೆ ತಾಗುವ ಸ್ವೆಟರಿಗೆ ಇದು ಒಗ್ಗದು. ಕಂಬಳಿ, ಜಮಖಾನ, ಕೈಚೀಲ, ಮೇಲೆ ಹೊದೆಯುವ ದಪ್ಪ ಶಾಲುಗಳಿಗೆ ಮಾತ್ರ ಹೇಳಿ ಮಾಡಿಸಿದಂತಿದೆ, ಬಾಳಿಕೆಯೂ ಹೆಚ್ಚು. ಮರಿಯ ಮೊದಲ ಕತ್ತರಿಯ ಉಣ್ಣೆ ಉಳಿದುದಕ್ಕಿಂತ ಮೆದು. ಹೆಣಿಗೆಯ ನೂಲಿಗೆ ಅದನ್ನೇ ಬೇರೆ ಇಡಬೇಕು.

ಕತ್ತರಿಸುವಾಗಲೇ ವಿಂಗಡಿಸಿ

ಕುರಿಗಳನ್ನು ಕತ್ತರಿಸುವುದಕ್ಕೆ ಒಂದೆರಡು ದಿನ ಮೊದಲು ಹರಿಯುವ ನೀರಿನಲ್ಲಿ ಮೀಯಿಸಿ, ಮೈ ಪೂರ್ತಿ ಒಣಗಲು ಬಿಡಿ. ಗುಡಿಸಿದ ನೆಲದ ಮೇಲೆ ತಾಡಪಾಲು ಹಾಸಿ ಕತ್ತರಿಸಿ. ಕಪ್ಪು, ಬಿಳಿ, ಬೂದು ಬೇರೆ ಬೇರೆ ಚೀಲಕ್ಕೆ ಹೋಗಲಿ. ಹೊಟ್ಟೆಯ ಮತ್ತು ಕಾಲಿನ ಉಣ್ಣೆ, ಸಗಣಿ ಹಾಗೂ ಮುಳ್ಳು ಹತ್ತಿದ ಉಣ್ಣೆ ಬೆರೆಯಬಾರದು. ಇಷ್ಟು ಮಾಡಿದರೆ ಅರ್ಧ ಕೆಲಸ ಮುಗಿದಂತೆ. ಒಳ್ಳೆಯ ಕಪ್ಪು ಉಣ್ಣೆಗೆ ಬಣ್ಣವೇ ಬೇಕಿಲ್ಲ. ಬಣ್ಣ ಎದ್ದು ಕಾಣುವುದು ಬಿಳಿಯ ಮೇಲೆ. ಬೂದು ಉಣ್ಣೆಯಲ್ಲಿ ಅದೇ ಬಣ್ಣ ಗಾಢವಾಗುತ್ತದೆ.

ಹಿತ್ತಲಿನ ಬಣ್ಣ

ಹೊಳಲ್ಕೆರೆ ಕಡೆ ಅಡಿಕೆ ತೋಟಗಳಿವೆ. ಹಿರಿಯೂರು, ಹೊಸದುರ್ಗಗಳಲ್ಲಿ ದಾಳಿಂಬೆ ಇದೆ. ಚಿತ್ರದುರ್ಗ, ಚಳ್ಳಕೆರೆ ಸೀಮೆಯಲ್ಲಿ ಈರುಳ್ಳಿ ಬೆಳೆ ದೊಡ್ಡದು. ಈ ಮೂರರಲ್ಲೂ ಬಣ್ಣವಿದೆ. ಅಡಿಕೆ ಬೇಯಿಸಿದ ಚೊಗರು ಕೆಂಗಂದು ಬಣ್ಣ ಕೊಡುತ್ತದೆ. ಸಾಗರ ತಾಲ್ಲೂಕು ಹೆಗ್ಗೋಡಿನ ಬಳಿಯ ಚರಕ ಮಹಿಳಾ ಸಂಸ್ಥೆ ಚೊಗರಿನ ಬಣ್ಣವನ್ನು ಕೈಮಗ್ಗದ ಹತ್ತಿಬಟ್ಟೆಗೆ ಬಳಸಿ ಹೆಸರು ಮಾಡಿದೆ. ಉಣ್ಣೆ ಹತ್ತಿಗಿಂತಲೂ ಸುಲಭವಾಗಿ ಬಣ್ಣ ಹೀರುತ್ತದೆ.

ಅರ್ಧ ಕಿಲೋ ನೂಲಿಗೆ ಕ್ರಮ ಹೀಗಿದೆ:

1. ನೂಲನ್ನು ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ. ಉಗುರುಬೆಚ್ಚಗಿನ ಅಂಟುವಾಳದ ನೀರಿನಲ್ಲಿ ನೆನೆಸಿ ತೊಳೆಯಿರಿ. ಉಜ್ಜಬೇಡಿ, ಹಿಂಡಬೇಡಿ, ಉಣ್ಣೆ ಗಂಟಾಗುತ್ತದೆ.

2. ಸುಮಾರು 15 ಲೀಟರ್ ನೀರಿನಲ್ಲಿ 60 ಗ್ರಾಂ ಪಟಿಕ ಕರಗಿಸಿ, ಒದ್ದೆ ಲಡಿಗಳನ್ನು ಮುಳುಗಿಸಿ. ನಿಧಾನವಾಗಿ ಕಾಯಿಸಿ, ಕುದಿ ಬರುವುದಕ್ಕೆ ಮೊದಲೇ ಉರಿ ತಗ್ಗಿಸಿ, ಒಂದು ಗಂಟೆ ಇಟ್ಟು ಅದೇ ನೀರಿನಲ್ಲಿ ಆರಲು ಬಿಡಿ.

3. ಅರ್ಧ ಕಿಲೋ ಈರುಳ್ಳಿ ಸಿಪ್ಪೆ ಅಥವಾ ಒಣಗಿದ ದಾಳಿಂಬೆ ಸಿಪ್ಪೆಯನ್ನು ಒಂದು ಗಂಟೆ ಕುದಿಸಿ ಸೋಸಿ. ರಸ ಆರಿದ ಮೇಲೆ ಲಡಿ ಹಾಕಿ, ಮತ್ತೆ ಮೊದಲಿನಂತೆಯೇ ಕಾಯಿಸಿ. ಬಳಿಕ ತೊಳೆದು ನೆರಳಿನಲ್ಲಿ ಒಣಗಿಸಿ.

ಈರುಳ್ಳಿ ಸಿಪ್ಪೆಯಿಂದ ಹೊಂಬಣ್ಣ, ದಾಳಿಂಬೆಯಿಂದ ಹಳದಿ ಬರುತ್ತದೆ. ಕೊನೆಯಲ್ಲಿ 10 ಗ್ರಾಂ ಅನ್ನಭೇದಿ ಸೇರಿಸಿದರೆ ಇವೇ ಬಣ್ಣಗಳು ಹಸಿರುಗಂದಿಗೆ ಅಥವಾ ಬೂದಿಗೆ ತಿರುಗುತ್ತವೆ. ಅನ್ನಭೇದಿ ಹೆಚ್ಚಾದರೆ ಎಳೆ ಪೆಡಸಾಗುತ್ತದೆ. ತಾಮ್ರ, ಕಬ್ಬಿಣದ ಪಾತ್ರೆಗಳು ಬಣ್ಣ ಕೆಡಿಸುವುದರಿಂದ ಸ್ಟೀಲ್ ಪಾತ್ರೆ ಉತ್ತಮ. ಅದನ್ನು ಮತ್ತೆ ಅಡಿಗೆಗೆ ಬಳಸಬೇಡಿ; ಉಳಿದ ನೀರು ದನಕರು ಕುಡಿಯುವ ತೊಟ್ಟಿಗೆ ಸೇರದಿರಲಿ.

ಕೊಳ್ಳುವವರು ಕೇಳುವುದೇನು?

ಕಂಬಳಿಯ ನೂಲಿಗೆ ಬಿಗಿ ಹುರಿ ಬೇಕು. ಹೆಣಿಗೆಯ ನೂಲು ಹಾಗಲ್ಲ: ಸಡಿಲವಾಗಿ ನೂತ ಎರಡು ಎಳೆಗಳನ್ನು ಎದುರು ದಿಕ್ಕಿಗೆ ಹುರಿಮಾಡಬೇಕು. ಲಡಿಗಳು ಒಂದೇ ತೂಕದವಾಗಿರಲಿ. ಚೀಟಿಯಲ್ಲಿ ತೂಕ, ಉದ್ದ, ತಳಿ, ಬಣ್ಣದ ಮೂಲ ಬರೆಯಿರಿ. ಎರಡನೆಯ ಸಲ ಹಾಕಿದ ಬಣ್ಣ ಮೊದಲಿನಂತೆ ಬರುವುದಿಲ್ಲವಾದ್ದರಿಂದ ಒಂದು ಉಡುಪಿಗೆ ಬೇಕಾದಷ್ಟು ನೂಲನ್ನು ಒಮ್ಮೆಗೇ ಅದ್ದಿ. ಈರುಳ್ಳಿಯ ಬಣ್ಣ ಬಿಸಿಲಿಗೆ ಮಾಸುವುದುಂಟು. ತುಂಡು ನೂಲಿನ ಅರ್ಧ ಮುಚ್ಚಿ, ಅರ್ಧವನ್ನು ಒಂದು ವಾರ ಬಿಸಿಲಿಗಿಟ್ಟು ನೋಡಿ, ಕಂಡದ್ದನ್ನು ಕೊಳ್ಳುವವರಿಗೆ ಹೇಳಿಬಿಡಿ.

ಮಂದೆಯ ಉಣ್ಣೆಯೆಲ್ಲ ಹೀಗೆ ಮಾರಿಹೋಗುವುದೆಂದು ಯಾರೂ ಎಣಿಸಬಾರದು. ಕೈಕೆಲಸ ನಿಧಾನದ್ದು, ಕೊಳ್ಳುವವರೂ ಹೆಚ್ಚಾಗಿ ಪಟ್ಟಣದವರು. ಈ ಸಲದ ಕತ್ತರಿಯಲ್ಲಿ ಮರಿಗಳ ಬಿಳಿ ಉಣ್ಣೆ ಎರಡು ಕಿಲೋ ಬೇರೆ ಇಟ್ಟು, ಊರಿನ ಸ್ವಸಹಾಯ ಸಂಘದ ಮೂಲಕ ಮಾದರಿ ಲಡಿಗಳನ್ನು ಮಾಡಿ, ಕೂಲಿಯ ಲೆಕ್ಕ ಬರೆದಿಟ್ಟು, ಬೆಲೆ ಗೊತ್ತುಮಾಡಿಕೊಂಡ ಮೇಲೆ ಮುಂದುವರಿಯುವುದು ಲೇಸು. ರಾಟೆ ಹಿಡಿಯಬಲ್ಲ ಹಿರಿಯ ಹೆಂಗಸರು ಹಟ್ಟಿಗಳಲ್ಲಿ ಇನ್ನೂ ಇದ್ದಾರೆ. ಹುಡುಗಿಯರಿಗೆ ನೂಲುವುದನ್ನು ಕಲಿಸಲು ಅವರಿಗಿಂತ ಬೇರೆ ಗುರುಗಳು ಬೇಕಿಲ್ಲ. ಅವರು ಇರುವಾಗಲೇ ಕಲಿತುಕೊಳ್ಳಬೇಕು.