ತಂತ್ರಾಂಶ ಭಾಷೆಯ ಹೊಸ ಆವೃತ್ತಿ: ಸಣ್ಣ ಉದ್ಯಮಿ ಅರಿಯಬೇಕಾದುದು

ಗಿರಣಿಯಿಂದ ಹೆಸರು ಪಡೆದ ಬಿನ್ನಿಪೇಟೆಯಲ್ಲಿ ಇಂದು ಬಿನ್ನಿ ಮಿಲ್ಲಿನ ಸದ್ದಿಲ್ಲ. ಆದರೆ ಸುತ್ತಮುತ್ತಲಿನ ಮಳಿಗೆ ಹಾಗೂ ಸಣ್ಣ ಕಾರ್ಖಾನೆಗಳಲ್ಲಿ ಬಿಲ್ಲು, ದಾಸ್ತಾನು, ಸಂಬಳದ ಲೆಕ್ಕಗಳನ್ನು ಗಣಕಯಂತ್ರವೇ ನಿರ್ವಹಿಸುತ್ತಿದೆ. ಯಂತ್ರ ಹಳತಾದರೆ ಕಣ್ಣಿಗೆ ಕಾಣುತ್ತದೆ. ತಂತ್ರಾಂಶವನ್ನು ಬರೆದ ಭಾಷೆ ಹಳತಾದುದು ಮಾಲೀಕರ ಗಮನಕ್ಕೆ ಬರುವುದೇ ಇಲ್ಲ.

1998ರಲ್ಲಿ ಬಂದ ವಿಷುಯಲ್ ಬೇಸಿಕ್ 6 ಸಣ್ಣ ಉದ್ಯಮಗಳ ತಂತ್ರಾಂಶಗಳಿಗೆ ಬಹುವಾಗಿ ಬಳಕೆಯಾಯಿತು. 2002ರಲ್ಲಿ ಬಂದ ವಿಷುಯಲ್ ಬೇಸಿಕ್ ಡಾಟ್‌ನೆಟ್ ಹೆಸರಿನಲ್ಲಿ ಉತ್ತರಾಧಿಕಾರಿಯಾದರೂ ನಿಯಮಗಳಲ್ಲಿ ಬೇರೆಯೇ ಆಗಿತ್ತು. ಹಣದ ಲೆಕ್ಕಕ್ಕಿದ್ದ ‘ಕರೆನ್ಸಿ’ ಎಂಬ ಬಗೆಯನ್ನು ಕೈಬಿಟ್ಟು ‘ಡೆಸಿಮಲ್’ ಬಳಸಲಾಯಿತು. ‘ಇಂಟಿಜರ್’ ಎಂಬ ಪೂರ್ಣಾಂಕಕ್ಕೆ ಮೊದಲು 2 ಬೈಟ್ ಇದ್ದುದು 4 ಬೈಟ್ ಆಯಿತು. ಈ ವ್ಯತ್ಯಾಸವನ್ನು ಗಮನಿಸದೆ ಹಳೆಯ ಸಾಲುಗಳನ್ನು ನಕಲಿಸಿದರೆ, ಹಳೆಯ ದಾಸ್ತಾನಿನ ಕಡತವನ್ನು ಹೊಸ ತಂತ್ರಾಂಶವು ತಪ್ಪಾಗಿ ಓದಬಹುದು. ಹಳೆಯ ಆವೃತ್ತಿಗೆ ತಯಾರಕರ ಬೆಂಬಲ 2008ರ ಏಪ್ರಿಲ್‌ನಲ್ಲಿ ಮುಗಿಯಿತು.

ಪೈಥಾನ್ ಭಾಷೆಯದೂ ಇದೇ ಕಥೆ. 725 ರೂಪಾಯಿಯನ್ನು ಇಬ್ಬರಿಗೆ ಹಂಚಲು 725ನ್ನು 2ರಿಂದ ಭಾಗಿಸಿದರೆ 2ನೇ ಆವೃತ್ತಿಯ ಉತ್ತರ 362. 2008ರ ಡಿಸೆಂಬರ್‌ನಲ್ಲಿ ಬಂದ 3ನೇ ಆವೃತ್ತಿಯ ಉತ್ತರ 362.5. ಎರಡರಲ್ಲಿಯೂ ದೋಷದ ಸೂಚನೆ ಬರುವುದಿಲ್ಲ. ಲೆಕ್ಕ ಮಾತ್ರ ಬೇರೆಯಾಗುತ್ತದೆ. 2ನೇ ಆವೃತ್ತಿಯ ಬೆಂಬಲ 2020ರ ಜನವರಿ 1ರಂದು ಕೊನೆಗೊಂಡಿತು.

ನಮ್ಮ ಬೆಂಗಳೂರಿನ ಟ್ಯಾಲಿಗೂ ಟಿಡಿಎಲ್ ಎಂಬ ತನ್ನದೇ ಭಾಷೆಯಿದೆ. ಟ್ಯಾಲಿ ಇಆರ್‌ಪಿ 9ಕ್ಕಾಗಿ ಅದರಲ್ಲಿ ಬರೆಸಿಕೊಂಡ ವಿಶೇಷ ಬಿಲ್ಲಿನ ನಮೂನೆಗಳನ್ನು, 2020ರಲ್ಲಿ ಬಂದ ಟ್ಯಾಲಿಪ್ರೈಮ್‌ಗೆ ಬದಲಾಗುವ ಮುನ್ನ ಪರೀಕ್ಷಿಸಿಕೊಳ್ಳುವುದು ಕ್ಷೇಮ.

ಹಾಗೆಂದು ಹೊಸದಕ್ಕೆ ಹೆದರಬೇಕಾಗಿಲ್ಲ, ಆತುರವೂ ಸಲ್ಲದು. ವಿಷುಯಲ್ ಬೇಸಿಕ್ 6ರ ಅನೇಕ ತಂತ್ರಾಂಶಗಳು ಇಂದಿನ ವಿಂಡೋಸ್‌ನಲ್ಲಿಯೂ ನಡೆಯುತ್ತವೆ. ಆದರೆ ಅವನ್ನು ತಿದ್ದಬಲ್ಲವರು ವರ್ಷದಿಂದ ವರ್ಷಕ್ಕೆ ವಿರಳವಾಗುತ್ತಿದ್ದಾರೆ. ಬರೆದುಕೊಟ್ಟ ವ್ಯಕ್ತಿ ಊರು ಬಿಟ್ಟು ಹೋದರೆ, ಮೂಲ ಸಂಕೇತ ಕೈಯಲ್ಲಿಲ್ಲದ ಮಾಲೀಕರು ತಮ್ಮ ಲೆಕ್ಕಕ್ಕೇ ಪರಕೀಯರಾಗುತ್ತಾರೆ.

ಆದುದರಿಂದ ಸದಸ್ಯರು ಮೂರು ವಿಷಯಗಳನ್ನು ಗಮನದಲ್ಲಿಡುವುದು ಒಳಿತು. ತಂತ್ರಾಂಶ ಬರೆಸುವಾಗಲೇ ಮೂಲ ಸಂಕೇತದ ಪ್ರತಿ ಹಾಗೂ ಅದರ ಹಕ್ಕನ್ನು ಕರಾರಿನಲ್ಲಿ ಸ್ಪಷ್ಟಪಡಿಸಿಕೊಳ್ಳಬೇಕು. ಬಳಸಿದ ಭಾಷೆ ಯಾವುದು, ಆವೃತ್ತಿ ಎಷ್ಟನೆಯದು ಎಂಬುದನ್ನು ಬರೆದಿಡಬೇಕು. ಹೊಸದಕ್ಕೆ ಬದಲಾಗುವಾಗ ಕನಿಷ್ಠ ಒಂದು ತಿಂಗಳು ಹಳೆಯದನ್ನೂ ಜೊತೆಯಲ್ಲಿ ನಡೆಸಿ, ಎರಡರ ಮೊತ್ತವನ್ನೂ ತಾಳೆ ನೋಡಬೇಕು. ಗೋದಾಮಿನ ಸರಕನ್ನು ಎಣಿಸಿ ನೋಡುವ ವ್ಯಾಪಾರಿಗೆ ಈ ಎಚ್ಚರಿಕೆ ಹೊಸದೇನಲ್ಲ.