ಗಡಿಯಾರ ನೋಡಿ ಉಕ್ಕುವ ಕಡಲು

ತಾಹಿತಿ ದ್ವೀಪದ ಮತಾವೈ ಕೊಲ್ಲಿಯಲ್ಲಿ ಉಬ್ಬರ ಬರುವುದು ನಡುಹಗಲಿಗೆ ಮತ್ತು ನಡುರಾತ್ರಿಗೆ. ಅಲ್ಲಿ ನೀರು ಏರುವುದು ಒಂದಡಿ ಮಾತ್ರ. ವರ್ಷವಿಡೀ ನೀರಿನ ಬಿಸಿ ಬದಲಾಗುವುದು ಮೂರು ಡಿಗ್ರಿಯಷ್ಟು. ಇಷ್ಟು ಚಿಕ್ಕ ಅಂಕಿಗಳಿಗೂ ನಮ್ಮ ಹೊಲದ ಮೇಲೆ ಸುರಿಯುವ ಮುಂಗಾರಿಗೂ ನಂಟಿದೆ.

ಉಬ್ಬರ-ಇಳಿತದ ಪಾಠ ಓದಿದವರಿಗೆಲ್ಲ ಒಂದು ಮಾತು ನೆನಪಿರುತ್ತದೆ. ಉಬ್ಬರ ದಿನಕ್ಕೆ ಎರಡು ಸಲ ಬರುತ್ತದೆ. ಆದರೆ ಇಂದು ಬಂದ ಹೊತ್ತಿಗೇ ನಾಳೆ ಬರುವುದಿಲ್ಲ, ಸುಮಾರು ಐವತ್ತು ನಿಮಿಷ ತಡ. ಚಂದ್ರನೂ ದಿನದಿಂದ ದಿನಕ್ಕೆ ಹೆಚ್ಚುಕಡಿಮೆ ಅಷ್ಟೇ ತಡವಾಗಿ ಮೂಡುತ್ತಾನಲ್ಲ, ಅದಕ್ಕೆ. ಕಾರವಾರದ ಮೀನುಗಾರರಿಗೆ ಈ ಲೆಕ್ಕವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಇಂದು ಯಾವ ತಿಥಿ ಎಂಬುದು ಗೊತ್ತಿದ್ದರೆ ನೀರು ಯಾವಾಗ ಏರುತ್ತದೆ ಎಂಬುದೂ ಗೊತ್ತು.

ಈ ಪಾಠಕ್ಕೆ ಸವಾಲು ಹಾಕುವ ಜಾಗವೊಂದಿದೆ. ಭೂಪಟ ಬಿಡಿಸಿ, ಆಸ್ಟ್ರೇಲಿಯಕ್ಕೂ ದಕ್ಷಿಣ ಅಮೆರಿಕಕ್ಕೂ ನಡುವೆ, ಸಮಭಾಜಕ ವೃತ್ತದಿಂದ ಹದಿನೇಳೂವರೆ ಡಿಗ್ರಿ ದಕ್ಷಿಣಕ್ಕೆ ಬೆರಳಿಡಿ. ಪೆಸಿಫಿಕ್ ಸಾಗರದ ಆ ನಡುನೀರಿನಲ್ಲಿದೆ ತಾಹಿತಿ. ಫ್ರೆಂಚ್ ಪಾಲಿನೇಷ್ಯದ ಅತಿ ದೊಡ್ಡ ದ್ವೀಪ ಎಂದರೂ ವಿಸ್ತೀರ್ಣ ಸುಮಾರು 1,045 ಚದರ ಕಿಲೋಮೀಟರ್. ಬೆಂಗಳೂರು ನಗರ ಜಿಲ್ಲೆಯ ಅರ್ಧದಷ್ಟು. ಜ್ವಾಲಾಮುಖಿಗಳಿಂದ ಹುಟ್ಟಿದ ಈ ದ್ವೀಪದ ನಡುವೆ 2,241 ಮೀಟರ್ ಎತ್ತರದ ಒರೊಹೆನಾ ಶಿಖರ ನಿಂತಿದೆ. ರಾಜಧಾನಿ ಪಪೀತೆಯಿಂದ ಸುಮಾರು ಹತ್ತು ಕಿಲೋಮೀಟರ್ ಪೂರ್ವಕ್ಕೆ ಹೋದರೆ ಉತ್ತರ ದಂಡೆಯಲ್ಲಿ ಕಪ್ಪು ಮರಳಿನ ಮತಾವೈ ಕೊಲ್ಲಿ ಸಿಗುತ್ತದೆ.

ಇಲ್ಲಿ ಉಬ್ಬರ ಬರುವುದು ನಡುಹಗಲಿನ ಆಸುಪಾಸಿನಲ್ಲಿ, ಮತ್ತೆ ನಡುರಾತ್ರಿಯ ಆಸುಪಾಸಿನಲ್ಲಿ. ಇಳಿತ ಬೆಳಗಿನ ಆರರ ಹೊತ್ತಿಗೆ, ಸಂಜೆ ಆರರ ಹೊತ್ತಿಗೆ. ಒಂದೆರಡು ಗಂಟೆ ಹಿಂದೆ ಮುಂದೆ ಆಗುವುದುಂಟು, ಆದರೆ ನಮ್ಮ ಕಡಲಿನಂತೆ ಎರಡು ವಾರದಲ್ಲಿ ಗಡಿಯಾರವನ್ನೆಲ್ಲ ಸುತ್ತಿ ಬರುವುದಿಲ್ಲ. ಚಂದ್ರನ ಮಾತು ಕೇಳಬೇಕಾದ ಕಡಲು ಇಲ್ಲಿ ಸೂರ್ಯನ ಮಾತು ಕೇಳುತ್ತದೆ!

ಚಂದ್ರ ಸೋಲುವುದೇಕೆ?

ಕಡಲನ್ನು ಎಳೆಯುವವರು ಇಬ್ಬರು. ಸೂರ್ಯನ ತೂಕ ಅಗಾಧವಾದರೂ ಅವನು ಬಹು ದೂರ. ಹಾಗಾಗಿ ಉಬ್ಬರ ಎಬ್ಬಿಸುವ ಕೆಲಸದಲ್ಲಿ ಸೂರ್ಯನ ಬಲ ಚಂದ್ರನ ಬಲದ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಚಂದ್ರನ ಉಬ್ಬರ 12 ಗಂಟೆ 25 ನಿಮಿಷಕ್ಕೊಮ್ಮೆ ಬಂದರೆ ಸೂರ್ಯನದು ಸರಿಯಾಗಿ 12 ಗಂಟೆಗೊಮ್ಮೆ. ಇಬ್ಬರೂ ಒಂದೇ ಸಾಲಿನಲ್ಲಿ ನಿಂತು ಎಳೆಯುವ ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ನೀರು ಹೆಚ್ಚು ಏರುತ್ತದೆ. ಇಷ್ಟು ಎಲ್ಲ ಕಡೆಯ ಲೆಕ್ಕ.

ತಾಹಿತಿಯ ಗುಟ್ಟು ತಿಳಿಯಲು ಅಡುಗೆಮನೆಗೆ ಹೋಗೋಣ. ಅಗಲವಾದ ತಟ್ಟೆಯಲ್ಲಿ ಸ್ವಲ್ಪ ನೀರು ಹಾಕಿ, ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಧಾನವಾಗಿ ಸುತ್ತು ಬರುವಂತೆ ಓಲಾಡಿಸಿ. ಅಂಚಿನಲ್ಲಿ ನೀರಿನ ದಿಣ್ಣೆಯೊಂದು ಸುತ್ತುತ್ತದೆ; ಅಲ್ಲಿ ನೀರು ಏರಿ ಇಳಿಯುತ್ತದೆ. ತಟ್ಟೆಯ ನಟ್ಟನಡುವಿನ ನೀರು ಮಾತ್ರ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಭೂಮಿ ತಿರುಗುವುದರಿಂದ ಮಹಾಸಾಗರಗಳಲ್ಲೂ ಉಬ್ಬರದ ಅಲೆ ಹೀಗೆಯೇ ಕೆಲವು ನಡುಬಿಂದುಗಳ ಸುತ್ತ ತಿರುಗುತ್ತದೆ. ಬಂಡಿಯ ಗಾಲಿ ಎಷ್ಟೇ ಉರುಳಿದರೂ ಗುಂಬ ಇದ್ದಲ್ಲೇ ಇರುತ್ತದಲ್ಲ, ಹಾಗೆ.

ಚಂದ್ರನ ಉಬ್ಬರಕ್ಕೆ ಸೇರಿದ ಅಂಥ ಒಂದು ಗುಂಬ ತಾಹಿತಿಯ ಸಮೀಪದಲ್ಲೇ ಇದೆ. ಆದ್ದರಿಂದ ಚಂದ್ರ ಎಬ್ಬಿಸುವ ಅಲೆ ಇಲ್ಲಿಗೆ ಬರುವ ಹೊತ್ತಿಗೆ ತೀರ ಸಣ್ಣದಾಗಿರುತ್ತದೆ. ಸೂರ್ಯನ ಉಬ್ಬರದ ಗುಂಬ ಇರುವುದು ಬೇರೆ ಕಡೆ. ದೊಡ್ಡವನ ದನಿ ಅಡಗಿದಾಗ ಚಿಕ್ಕವನ ದನಿ ಕೇಳಿಸುತ್ತದೆ. ಸೂರ್ಯನ ಉಬ್ಬರ ಎಲ್ಲಿಯೇ ಆದರೂ ದಿನವೂ ಒಂದೇ ಹೊತ್ತಿಗೆ ಬರುವಂಥದು. ತಾಹಿತಿಯ ಪಾಲಿಗೆ ಆ ಹೊತ್ತು ನಡುಹಗಲಿಗೆ ಹೊಂದಿಕೊಂಡಿದೆ, ಅಷ್ಟೇ.

ಎತ್ತರದ ಲೆಕ್ಕ ಕೇಳಿದರೆ ನಗು ಬರಬಹುದು. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ದೊಡ್ಡ ಉಬ್ಬರಗಳು ಹತ್ತು ಮೀಟರ್ ಮುಟ್ಟುತ್ತವೆ. ಮತಾವೈಯಲ್ಲಿ ಏರಿಳಿತದ ಅಂತರ ಮೂವತ್ತು ಸೆಂಟಿಮೀಟರಿನಷ್ಟು, ಎಂದರೆ ನಿಮ್ಮ ಜಾಮಿಟ್ರಿ ಪೆಟ್ಟಿಗೆಯ ಪಕ್ಕದಲ್ಲಿಟ್ಟುಕೊಳ್ಳುವ ಒಂದಡಿ ಸ್ಕೇಲಿನಷ್ಟು. ಆದರೆ ಹವಳದ ಜೀವಿಗಳಿಗೆ ಈ ವೇಳಾಪಟ್ಟಿ ಒಂದು ವರ. ಇಳಿತ ಬೆಳಿಗ್ಗೆ, ಸಂಜೆ ಮಾತ್ರ ಆಗುವುದರಿಂದ ದಿಬ್ಬದ ನೆತ್ತಿಯಲ್ಲಿರುವ ಹವಳ ಮಟಮಟ ಮಧ್ಯಾಹ್ನದ ಬಿಸಿಲಿಗೆ ಮೈಯೊಡ್ಡಬೇಕಾಗಿಲ್ಲ. ಸೂರ್ಯ ಸುಡುವ ಹೊತ್ತಿಗೆ ಅದೇ ಸೂರ್ಯ ನೀರಿನ ಹೊದಿಕೆಯನ್ನೂ ಎಳೆದುಕೊಡುತ್ತಾನೆ.

ಶುಕ್ರನ ಸಲುವಾಗಿ ಬಂದವರು

ಈ ಕೊಲ್ಲಿಗೆ 1767ರಲ್ಲಿ ಸ್ಯಾಮ್ಯುಯೆಲ್ ವ್ಯಾಲಿಸನ ಡಾಲ್ಫಿನ್ ಹಡಗು ಬಂದಿತ್ತು. ಎರಡು ವರ್ಷದ ಬಳಿಕ ಜೇಮ್ಸ್ ಕುಕ್ ತನ್ನ ಎಂಡೆವರ್ ಹಡಗನ್ನು ಇಲ್ಲಿ ಲಂಗರು ಹಾಕಿದ. ಸೂರ್ಯನ ಮುಖದ ಮೇಲೆ ಶುಕ್ರಗ್ರಹ ಹಾದುಹೋಗುವುದನ್ನು ಅಳೆದು, ಭೂಮಿಗೂ ಸೂರ್ಯನಿಗೂ ಇರುವ ದೂರವನ್ನು ಲೆಕ್ಕ ಹಾಕುವುದು ಉದ್ದೇಶ. 2004ರಲ್ಲಿ, 2012ರಲ್ಲಿ ಕಪ್ಪು ಕನ್ನಡಕ ಹಿಡಿದು ಶುಕ್ರಸಂಕ್ರಮ ನೋಡಿದ ತಂದೆ-ತಾಯಿಯರಿಗೆ ಅದರ ನೆನಪಿರಬಹುದು. ಕುಕ್ ನೋಡಿದ್ದು 1769ರ ಜೂನ್ 3ರಂದು. ಆ ದಿನ ಮೋಡವಿರಲಿಲ್ಲ. ಬಿಸಿಲಿಗಿಟ್ಟ ಉಷ್ಣಮಾಪಕ 119 ಡಿಗ್ರಿ ಫ್ಯಾರನ್‌ಹೀಟ್ ತೋರಿಸಿತು ಎಂದು ಅವನು ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ನಮ್ಮ ಲೆಕ್ಕದಲ್ಲಿ 48 ಡಿಗ್ರಿ ಸೆಲ್ಸಿಯಸ್. ಕೊಲ್ಲಿಯ ಮೂಲೆಯಲ್ಲಿ ಚಾಚಿಕೊಂಡಿರುವ ಭೂಮಿಗೆ ಅಂದಿನಿಂದ ‘ವೀನಸ್ ಭೂಶಿರ’ ಎಂದೇ ಹೆಸರು.

ಎಲ್ಲರಿಗೂ ಹವೆ ಹೀಗೆ ಒಲಿಯಲಿಲ್ಲ. ಕಡಿಗೆ ಹಲಸಿನ ಸೋದರಸಂಬಂಧಿಯಾದ ಬ್ರೆಡ್‌ಫ್ರೂಟ್, ಅಂದರೆ ದೀವಿಹಲಸಿನ ಸಸಿಗಳನ್ನು ಒಯ್ಯಲು 1788ರ ಅಕ್ಟೋಬರಿನಲ್ಲಿ ವಿಲಿಯಂ ಬ್ಲೈ ತನ್ನ ಬೌಂಟಿ ಹಡಗಿನಲ್ಲಿ ಇಲ್ಲಿಗೇ ಬಂದ. ಡಿಸೆಂಬರ್ ಬರುತ್ತಲೇ ಕೊಲ್ಲಿಯ ಸ್ವಭಾವ ಬದಲಾಯಿತು. ಅಲೆಗಳ ಹೊಡೆತಕ್ಕೆ ಹಡಗು ಅಪಾಯಕ್ಕೆ ಸಿಕ್ಕಿ, ಹತ್ತಿರದ ಇನ್ನೊಂದು ಬಂದರಿಗೆ ಸ್ಥಳಾಂತರವಾಗಬೇಕಾಯಿತು.

ಇದರ ಕಾರಣ ಗಾಳಿಯ ದಿಕ್ಕಿನಲ್ಲಿದೆ. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಇಲ್ಲಿ ಒಣ ಕಾಲ. ಆಗ ಬೀಸುವುದು ಪೂರ್ವ ಮತ್ತು ಆಗ್ನೇಯದ ವಾಣಿಜ್ಯ ಮಾರುತ. ಅದು ಬಿರುಸಾದಾಗ ಊರವರು ‘ಮರಾಮು’ ಎನ್ನುತ್ತಾರೆ. ಬೆಟ್ಟವೂ ಭೂಶಿರವೂ ಅಡ್ಡ ನಿಲ್ಲುವುದರಿಂದ ಉತ್ತರಕ್ಕೆ ಮುಖ ಮಾಡಿದ ಮತಾವೈ ಆಗ ಶಾಂತ. ನವೆಂಬರಿನಿಂದ ಏಪ್ರಿಲ್‌ವರೆಗೆ ಮಳೆಗಾಲ. ಆಗ ನಡುನಡುವೆ ಉತ್ತರ, ವಾಯವ್ಯದಿಂದ ‘ತೊಎರಾವು’ ಎಂಬ ಗಾಳಿ ನೇರವಾಗಿ ಕೊಲ್ಲಿಯೊಳಕ್ಕೇ ನುಗ್ಗುತ್ತದೆ. ರಾತ್ರಿ ಮಾತ್ರ ಬೆಟ್ಟದಿಂದ ತಂಪಾಗಿ ಇಳಿದುಬರುವ ಗಾಳಿಯೊಂದಿದೆ. ಅದರ ಹೆಸರು ‘ಹುಪೆ’.

ದ್ವೀಪದ ಆಚೆ ಬದಿಯ ಕಥೆಯೇ ಬೇರೆ. 2024ರ ಪ್ಯಾರಿಸ್ ಒಲಿಂಪಿಕ್ಸಿನ ಅಲೆಸವಾರಿ ಸ್ಪರ್ಧೆ ನಡೆದದ್ದು ಇದೇ ತಾಹಿತಿಯ ದಕ್ಷಿಣದ ತೆಅಹುಪೋ ಎಂಬಲ್ಲಿ. ಜುಲೈ-ಆಗಸ್ಟ್ ತಿಂಗಳಲ್ಲಿ ಅಂಟಾರ್ಕ್ಟಿಕದ ಕಡೆಯ ಚಳಿಗಾಲದ ಬಿರುಗಾಳಿಗಳು ಎಬ್ಬಿಸುವ ಅಲೆಗಳು ಸಾವಿರಾರು ಕಿಲೋಮೀಟರ್ ಸಾಗಿ ಬಂದು ಅಲ್ಲಿನ ಹವಳದ ದಿಬ್ಬಕ್ಕೆ ಅಪ್ಪಳಿಸುತ್ತವೆ.

ಒಂದೇ ಕೃತ್ತಿಕೆ, ಎರಡು ಪಂಚಾಂಗ

ತಾಹಿತಿಯ ಹಳಬರು ಈ ಋತುಗಳನ್ನು ಗುರುತಿಸುತ್ತಿದ್ದುದು ನಕ್ಷತ್ರ ನೋಡಿ. ನವೆಂಬರ್ 20ರ ಸುಮಾರಿಗೆ, ಸೂರ್ಯ ಮುಳುಗಿದ ಬೆನ್ನಿಗೇ ಪೂರ್ವದಲ್ಲಿ ಪುಟ್ಟ ನಕ್ಷತ್ರಗಳ ಗೊಂಚಲು ಮೂಡಿದರೆ ಸಮೃದ್ಧಿಯ ಕಾಲ ಶುರು. ಮೇ 20ರ ಸುಮಾರಿಗೆ ಅದೇ ಗೊಂಚಲು ಸಂಜೆಯ ಪಶ್ಚಿಮದಲ್ಲಿ ಮರೆಯಾದರೆ ಕೊರತೆಯ ಕಾಲ. ಅವರು ‘ಮತಾರಿಇ’ ಎನ್ನುವ ಆ ಗೊಂಚಲು ಬೇರೆ ಯಾವುದೂ ಅಲ್ಲ, ನಮ್ಮ ಕೃತ್ತಿಕೆ! ಮೇ ತಿಂಗಳಲ್ಲಿ ಸೂರ್ಯ ಆ ನಕ್ಷತ್ರದ ಬಳಿಗೆ ಬಂದಾಗ ನಮ್ಮ ರೈತರು ‘ಕೃತ್ತಿಕೆ ಮಳೆ’ಯ ಲೆಕ್ಕ ಹಿಡಿಯುತ್ತಾರೆ. ಅಲ್ಲಿ ಮಳೆ ಮುಗಿಯಿತು ಎನ್ನುವ ನಕ್ಷತ್ರವೇ ಇಲ್ಲಿ ಹೊಲ ಹದ ಮಾಡಿಕೊಳ್ಳಿ ಎನ್ನುತ್ತದೆ.

ನೀರಿನ ತಾಪಕ್ಕೂ ಒಂದು ಪಂಚಾಂಗವಿದೆ. ಸೂರ್ಯ ತಾಹಿತಿಯ ನೆತ್ತಿಯ ಮೇಲೆ ಬರುವುದು ನವೆಂಬರ್ ಮಧ್ಯದಲ್ಲಿ ಒಮ್ಮೆ, ಜನವರಿ ಕೊನೆಯಲ್ಲಿ ಮತ್ತೊಮ್ಮೆ. ಆದರೆ ಕಡಲು ಅತಿ ಬೆಚ್ಚಗಿರುವುದು ಮಾರ್ಚ್ ಹೊತ್ತಿಗೆ, ಸುಮಾರು 29 ಡಿಗ್ರಿ. ಅತಿ ತಂಪಾಗುವುದು ಆಗಸ್ಟ್-ಸೆಪ್ಟೆಂಬರಿನಲ್ಲಿ, ಆಗ ಸುಮಾರು 26. ನೀರು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ.

ಒಂದೆರಡು ಮಿಲಿಬಾರ್

ನಮ್ಮ ಮುಂಗಾರಿನ ಮಾತಿಗೆ ಬರೋಣ. 1876ರಿಂದ 78ರವರೆಗಿನ ‘ಧಾತು ಈಶ್ವರ’ ಬರಗಾಲದ ಹೆಸರನ್ನು ಹಳೆ ಮೈಸೂರಿನ ಕಡೆಯ ಹಿರಿಯರ ಬಾಯಲ್ಲಿ ಕೇಳಿರಬಹುದು. ಮೈಸೂರು ಸಂಸ್ಥಾನದ ಜನಸಂಖ್ಯೆಯ ಸುಮಾರು ಐದನೇ ಒಂದು ಭಾಗವನ್ನು ಅದು ನುಂಗಿತು. 1899ರಲ್ಲಿ ಮತ್ತೆ ಮಳೆ ಕೈಕೊಟ್ಟಿತು. ಮಳೆ ಸೋಲುವುದನ್ನು ಮುಂಚೆಯೇ ತಿಳಿಯಲು ಸಾಧ್ಯವೇ ಎಂಬ ಪ್ರಶ್ನೆ ಹೊತ್ತು 1904ರಲ್ಲಿ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾದವರು ಗಿಲ್ಬರ್ಟ್ ವಾಕರ್ ಎಂಬ ಗಣಿತಜ್ಞ.

ಕಂಪ್ಯೂಟರ್ ಇಲ್ಲದ ಕಾಲ. ಲೋಕದ ಮೂಲೆಮೂಲೆಯ ಹವಾಮಾನದ ಅಂಕಿಗಳನ್ನು ತರಿಸಿ ಕೈಯಲ್ಲೇ ಲೆಕ್ಕ ಹಾಕಿಸಿದರು. ಆಗ ಕಂಡಿತು ಒಂದು ಏತದ ಆಟ. ಪೆಸಿಫಿಕ್ ಕಡೆ ಗಾಳಿಯ ಒತ್ತಡ ಏರಿದರೆ ಹಿಂದೂ ಮಹಾಸಾಗರದ ಕಡೆ ಇಳಿಯುತ್ತದೆ. ಅಲ್ಲಿ ಇಳಿದರೆ ಇಲ್ಲಿ ಏರುತ್ತದೆ. ವಾಕರ್ ಇದನ್ನು ‘ದಕ್ಷಿಣದ ಓಲಾಟ’ ಎಂದು ಕರೆದರು. ಇದಕ್ಕೂ ಪೆಸಿಫಿಕ್ ನೀರು ಬಿಸಿಯಾಗುವ ಎಲ್ ನಿನೊಗೂ ಇರುವ ನಂಟನ್ನು 1960ರ ದಶಕದಲ್ಲಿ ಬಿಡಿಸಿ ತೋರಿಸಿದವರು ಯಾಕೊಬ್ ಬ್ಯರ್ಕ್ನೆಸ್.

ಈ ಏತದ ಎರಡು ತುದಿಗಳೆಂದು ಇಂದು ಹವಾಮಾನ ತಜ್ಞರು ಹಿಡಿಯುವುದು ಒಂದು ಕಡೆ ಆಸ್ಟ್ರೇಲಿಯದ ಡಾರ್ವಿನ್ ನಗರವನ್ನು, ಇನ್ನೊಂದು ಕಡೆ ಇದೇ ತಾಹಿತಿಯನ್ನು. ಸಾಮಾನ್ಯ ವರ್ಷದಲ್ಲಿ ತಾಹಿತಿಯಲ್ಲಿ ಒತ್ತಡ ಹೆಚ್ಚು, ಡಾರ್ವಿನ್‌ನಲ್ಲಿ ಕಡಿಮೆ. ಗಾಳಿ ಪಶ್ಚಿಮಕ್ಕೆ ಬೀಸಿ ಬಿಸಿನೀರನ್ನು ಇಂಡೊನೇಷ್ಯದ ಕಡೆಗೆ ತಳ್ಳುತ್ತದೆ, ಮೋಡಗಳು ಅಲ್ಲಿ ಕಟ್ಟುತ್ತವೆ. ತಾಹಿತಿಯ ತಿಂಗಳ ಸರಾಸರಿ ಒಂದೆರಡು ಮಿಲಿಬಾರ್ ಇಳಿದು ಡಾರ್ವಿನ್‌ನದು ಏರಿತೆನ್ನಿ, ಗಾಳಿ ಸೋಲುತ್ತದೆ, ಬಿಸಿನೀರು ಪೂರ್ವಕ್ಕೆ ಹರಡುತ್ತದೆ, ಮೋಡಗಳೂ ಅದರ ಬೆನ್ನು ಹಿಡಿಯುತ್ತವೆ. ಭಾರತದ ಮೇಲೆ ಗಾಳಿ ಕೆಳಕ್ಕೆ ಕುಸಿಯುವ ಸಂಭವ ಹೆಚ್ಚಿ ಮುಂಗಾರು ಬಡವಾಗುತ್ತದೆ.

1982-83ರ ಎಲ್ ನಿನೊದಲ್ಲಿ ಚಂಡಮಾರುತಗಳೇ ಅಪರೂಪವಾದ ಫ್ರೆಂಚ್ ಪಾಲಿನೇಷ್ಯದ ಮೇಲೆ ಅವು ಒಂದರ ಹಿಂದೊಂದು ಎರಗಿದವು. 1983ರ ಏಪ್ರಿಲ್‌ನಲ್ಲಿ ‘ವೀನಾ’ ತಾಹಿತಿಯನ್ನೇ ಹೊಡೆಯಿತು. 2023ರ ಎಲ್ ನಿನೊ ವರ್ಷದಲ್ಲಿ ಕರ್ನಾಟಕದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಹಾಗೆಂದು ಎಲ್ ನಿನೊ ಬಂದಾಗಲೆಲ್ಲ ಬರ ಎಂದು ತಿಳಿಯಬೇಡಿ. 1997ರಲ್ಲಿ ಅತಿ ಪ್ರಬಲವಾದದ್ದು ಬಂದರೂ ದೇಶದ ಮುಂಗಾರು ಸಾಧಾರಣವಾಗಿಯೇ ಇತ್ತು. ಆ ವರ್ಷ ಹಿಂದೂ ಮಹಾಸಾಗರದ ಪಶ್ಚಿಮ ಭಾಗವೂ ಬೆಚ್ಚಗಾಗಿ ನಮ್ಮ ಕೈ ಹಿಡಿದಿತ್ತು.

ಒಂದು ಡಿಗ್ರಿಯ ಬೆಲೆ

ಎಲ್ಲ ಅಂಕಿಗಳೂ ಚಿಕ್ಕವಾಗಿರುವ ಕಡೆ ಸ್ವಲ್ಪ ವ್ಯತ್ಯಾಸವೂ ದೊಡ್ಡದೇ. ಬೇಸಿಗೆಯ ಗರಿಷ್ಠ ತಾಪಕ್ಕಿಂತ ನೀರು ಒಂದೇ ಡಿಗ್ರಿ ಹೆಚ್ಚು ಬಿಸಿಯಾಗಿ ಕೆಲವು ವಾರ ಹಾಗೇ ಉಳಿದರೆ ಹವಳ ತನ್ನೊಳಗೆ ಸಾಕಿಕೊಂಡ ಪಾಚಿಯನ್ನು ಹೊರದಬ್ಬುತ್ತದೆ. ಅದಕ್ಕೆ ಬಣ್ಣವನ್ನೂ ಆಹಾರವನ್ನೂ ಕೊಡುವುದು ಆ ಪಾಚಿಯೇ. 2019ರಲ್ಲಿ ತಾಹಿತಿ ಮತ್ತು ನೆರೆಯ ಮೊರೆಯಾ ದ್ವೀಪದ ಸುತ್ತ ಹವಳಗಳು ಹೀಗೆ ಬಿಳಿಚಿಕೊಂಡವು. ಸಮಾಧಾನದ ಸುದ್ದಿಯೂ ಇದೆ. 2021ರ ನವೆಂಬರಿನಲ್ಲಿ ಯುನೆಸ್ಕೊ ನೆರವಿನ ತಂಡ ತಾಹಿತಿಯ ಬಳಿ 30ರಿಂದ 65 ಮೀಟರ್ ಆಳದಲ್ಲಿ, ಸುಮಾರು ಮೂರು ಕಿಲೋಮೀಟರ್ ಉದ್ದದ, ಗುಲಾಬಿ ಹೂವಿನಾಕಾರದ ಹವಳಗಳ ತೋಟವನ್ನು ಕಂಡಿತು. ಅದು ಆರೋಗ್ಯವಾಗಿತ್ತು.

ಕಡಲಿನ ಮಟ್ಟದ ಮಾತೂ ಹೀಗೆಯೇ. 1901ರಿಂದ 2018ರೊಳಗೆ ಜಗತ್ತಿನ ಸರಾಸರಿ ಸಮುದ್ರ ಮಟ್ಟ ಸುಮಾರು 20 ಸೆಂಟಿಮೀಟರ್ ಏರಿದೆ. ಹತ್ತು ಮೀಟರ್ ಉಬ್ಬರ ಕಂಡ ಖಂಭಾತ್‌ನಲ್ಲಿ ಇದು ಕಣ್ಣಿಗೆ ಬೀಳದು. ಮೂವತ್ತು ಸೆಂಟಿಮೀಟರ್ ಏರಿಳಿತಕ್ಕೆ ಹೊಂದಿಕೊಂಡು ಮನೆ, ರಸ್ತೆ, ತೋಟ ಕಟ್ಟಿಕೊಂಡ ದ್ವೀಪಗಳಲ್ಲಿ ಇಷ್ಟು ಏರಿಕೆ ಎಂದರೆ ಉಬ್ಬರದ ಮೂರರಲ್ಲಿ ಎರಡು ಪಾಲು.

ನೀವೇ ಮಾಡಿ ನೋಡಿ

ಒಂದು ಬಕೆಟ್ ತುಂಬ ನೀರು, ಅದರ ಪಕ್ಕ ಒಂದು ಬುಟ್ಟಿ ಒಣ ಮಣ್ಣು ಬಿಸಿಲಿಗಿಡಿ. ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಗಂಟೆಗೊಮ್ಮೆ ಎರಡರ ತಾಪವನ್ನೂ ಬರೆದಿಡಿ. ಶಾಲೆಯ ಪ್ರಯೋಗಾಲಯದ ಉಷ್ಣಮಾಪಕ ಸಾಕು. ಜ್ವರ ನೋಡುವುದು ಬೇಡ. ಮಣ್ಣು ಬೇಗ ಕಾದು ಬೇಗ ಆರುತ್ತದೆ, ನೀರು ತಡವಾಗಿ. ತಾಹಿತಿಯ ಕಡಲು ಮಾರ್ಚ್‌ವರೆಗೆ ಕಾಯುವ ಕಾರಣ ನಿಮ್ಮ ಅಂಗಳದಲ್ಲೇ ಸಿಗುತ್ತದೆ.

ಇನ್ನೊಂದು ಕೆಲಸಕ್ಕೆ ಅಪ್ಪ-ಅಮ್ಮನ ನೆರವು ಬೇಕು. ಹಳೆಯ ನೋಟ್‌ಬುಕ್ಕಿನಲ್ಲಿ ದಿನಕ್ಕೊಂದು ಸಾಲಿನಂತೆ ಗರಿಷ್ಠ ತಾಪ, ಗಾಳಿಯ ದಿಕ್ಕು, ಮಳೆ ಬಂತೇ ಇಲ್ಲವೇ ಎಂದು ಬರೆಯಿರಿ. ಮಗು ಮರೆತ ದಿನ ಮನೆಯವರು ಬರೆಯಲಿ. ಮೊದಲ ತಿಂಗಳು ಬೇಸರವಾಗುತ್ತದೆ. ಒಂದು ವರ್ಷ ತುಂಬಿದ ಮೇಲೆ ಅಜ್ಜನನ್ನು ಕೂರಿಸಿಕೊಂಡು, ಯಾವ ನಕ್ಷತ್ರದ ಮಳೆ ಬಂತು, ಯಾವುದು ತಪ್ಪಿತು ಎಂದು ಆ ಪುಸ್ತಕದಲ್ಲಿ ಹುಡುಕಿ. ವಾಕರ್ ಕೈಗೆ ಸಿಕ್ಕಿದ್ದೂ ಇಂಥವೇ ಸಾಲುಗಳು.